ಉಳಿದ ತುಂಡುಗಳ ಕಾವಲು

ನನ್ನ ತಮ್ಮನ ಹೆಂಡತಿಗೆ ಚಿಂದಿ ಕೂಡಿಡುವ ಹುಚ್ಚು ಎಂಬ ಮಾತು ನಮ್ಮ ಬೀದಿಯಲ್ಲಿ ಹರಿದಾಡುತ್ತಿದೆ. ಹಾಗೆ ಹೇಳುವವರ ಪೈಕಿ ಒಬ್ಬರೂ ಆಕೆಯ ಕೋಣೆಯ ಹೊಸ್ತಿಲು ದಾಟಿ ನೋಡಿದವರಲ್ಲ. ನಾನು ಅದೇ ಮನೆಯ ಕೆಳಭಾಗದಲ್ಲಿ ಇರುವವನು. ಭೂಮಾಪನ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಅಳತೆ ತಪ್ಪಿದ ಮಾತು ಕೇಳಿ ಸುಮ್ಮನಿರುವ ಅಭ್ಯಾಸ ನನಗಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಆಕೆ ಕೌದಿ ಹೊಲಿಯುವವಳು. ಬೀದಿಯವರಿಗೆ ಕೌದಿಯಮ್ಮ. ಜನ ತಮ್ಮ ಮನೆಯ ಹಳೆಯ ಬಟ್ಟೆ ತಂದು ಕೊಡುತ್ತಾರೆ: ತೀರಿಹೋದ ತಂದೆಯ ಅಂಗಿ, ಮಗಳು ಹಾಕಿ ಬಿಟ್ಟ ಲಂಗ, ಮಾರಿದ ಮನೆಯ ಕಿಟಕಿಯ ಪರದೆ. ಆಕೆ ಅವನ್ನು ಕತ್ತರಿಸಿ, ಚೌಕಕ್ಕೆ ಚೌಕ ಜೋಡಿಸಿ, ಹೊದೆಯಲು ಕೊಡುತ್ತಾಳೆ. ಕೆಲಸ ಕಲಿಸಿದವಳು ನಮ್ಮ ತಾಯಿ. ಕೆಲಸದ ಜೊತೆಗೆ ಒಂದು ಕಟ್ಟಳೆಯನ್ನೂ ಸೊಸೆಯ ಕೊರಳಿಗೆ ಕಟ್ಟಿ ಹೋದಳು. ಕೌದಿ ಹೊರಗೆ ಹೋದರೂ ಅದರಿಂದ ಉಳಿದ ತುಂಡು ಹೊಲಿದವಳ ಬಳಿಯೇ ಇರಬೇಕು. ಮುಂದೆ ಹರಿದರೆ ಅದೇ ಬಟ್ಟೆಯ ತೇಪೆ ಬೀಳಬೇಕು.

ಇಷ್ಟೇ ಆಗಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಹೊದ್ದ ಕೌದಿ ನೀರು, ಬಿಸಿಲು ಕಂಡು ಮಾಸುತ್ತದೆ. ಕಟ್ಟಿಟ್ಟ ತುಂಡು ಮಾಸುವುದಿಲ್ಲ. ತೇಪೆ ಹಾಕಿದರೆ ಹಲ್ಲು ಕಟ್ಟಿಸಿಕೊಂಡ ಬಾಯಿಯಂತೆ ಎದ್ದು ಕಾಣುತ್ತದೆ. ಆದ್ದರಿಂದ ಉಳಿದ ತುಂಡುಗಳನ್ನೂ ಆಗಾಗ ಒಗೆಯಬೇಕು, ಮಹಡಿಯ ಮೇಲೆ ಬಿಸಿಲಿಗೆ ಹರವಬೇಕು, ಕೌದಿಯ ಜೊತೆಜೊತೆಗೆ ಅವಕ್ಕೂ ವಯಸ್ಸಾಗಬೇಕು. ಕೊಟ್ಟವರೇ ಮರೆತ ಬಟ್ಟೆಯನ್ನು ಒಗೆದು ಒಣಗಿಸುವುದರಲ್ಲಿ ಆಕೆಯ ಪ್ರಾಯ ಕಳೆಯಿತು. ತಮ್ಮ ತೀರಿಕೊಂಡ ಮೇಲೆ ಗಂಟುಗಳು ಗೋಡೆಯ ಗೂಡುಗಳಿಂದ ಇಳಿದು ಮಂಚದ ಮೇಲೆ ಬಂದವು, ಅನಂತರ ಕಿಟಕಿಯನ್ನು ಮುಚ್ಚಿದವು. ಆಕೆ ಅಡುಗೆಮನೆಯಲ್ಲಿ, ಒಲೆಗೂ ಬಾಗಿಲಿಗೂ ನಡುವೆ ಚಾಪೆ ಹಾಸಿ, ಕಾಲು ಮಡಚಿ ಮಲಗುತ್ತಿದ್ದಳು. ಆ ಜಾಗ ಆಕೆಯ ಎತ್ತರಕ್ಕಿಂತ ಒಂದು ಗೇಣು ಕಡಿಮೆ. ಅಳೆದೇ ಹೇಳುತ್ತಿದ್ದೇನೆ.

ಕಳೆದ ವರ್ಷ ಆಕೆಯ ಬೆರಳ ಗೆಣ್ಣುಗಳು ಊದಿಕೊಂಡವು. ಬೇರೆ ಊರಿನಲ್ಲಿ ಒಬ್ಬಳೇ ಇದ್ದ ಆಕೆಯ ತಂಗಿ ಫೋನು ಮಾಡಿದಳು.

"ಸಾಕು ಬಿಡೇ ಅಕ್ಕ, ಸೂಜಿ ಕೆಳಗಿಡು. ಇಲ್ಲಿ ನಿನಗೊಂದು ರೂಮಿದೆ. ಕಾಲು ಚಾಚಿ ಮಲಗು ಬಾ."

"ಬರ್ತೀನಿ ಕಣೇ. ಇವನ್ನೆಲ್ಲ ಒಂದು ದಡ ಮುಟ್ಟಿಸಿ ಬರ್ತೀನಿ."

ಹೋಗಬೇಕೆಂಬ ಆಸೆ ಆಕೆಗೆ ಎಷ್ಟಿತ್ತೆಂದರೆ, ಪ್ರಯಾಣಕ್ಕೆಂದು ಹಸಿರು ಬಟ್ಟೆ ತಂದು ತನಗೊಂದು ಹೊಸ ನಿಲುವಂಗಿ ಹೊಲಿದುಕೊಂಡಳು. ತನಗೆಂದು ಆಕೆ ಏನನ್ನಾದರೂ ಹೊಲಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ತುಂಡುಗಳನ್ನು ಆಯಾ ಮನೆಗೆ ಹಿಂದಿರುಗಿಸುವುದೇ ನ್ಯಾಯವೆಂದು ನಾನು ಹೇಳಿದೆ. ಚೀಲಗಳನ್ನು ಹೊತ್ತು ಇಬ್ಬರೂ ಹೊರಟೆವು. ಮೊದಲು ಸಿಕ್ಕಿದವಳು ಮೂಲೆಯ ಬೇಕರಿಯ ಒಡತಿ.

"ಅಯ್ಯೋ ಕೌದಿಯಮ್ಮ, ನಮ್ಮನೇಲಿಟ್ರೆ ಇಲಿ ಬಿಡುತ್ತಾ? ಹಿಟ್ಟು ತಿಂದು ತಿಂದು ಬೆಕ್ಕಿನಷ್ಟಾಗಿವೆ. ನಿಮ್ಮತ್ರಾನೇ ಇರ್ಲಿ."

"ನಾನು ಊರಿಗೆ ಹೋಗ್ತಿದೀನಮ್ಮ."

"ಹೋಗಿ, ಹೋಗಿ. ಯಾರು ಬೇಡ ಅಂದ್ರು? ಹೋಗಿ ಬಂದ್ಮೇಲೆ ಒಗೆದಿಡಿ."

ಔಷಧಿ ಅಂಗಡಿಯವನು ಇನ್ನೂ ಉದಾರಿ. ನಮ್ಮ ಗಂಟನ್ನು ಮುಟ್ಟದೆ, ಒಳಗಿನಿಂದ ತನ್ನ ಎರಡು ಹಳೆಯ ಪ್ಯಾಂಟು ತಂದು ಅದರ ಮೇಲಿಟ್ಟ. "ತುಂಡು ಬಟ್ಟೆ ಹೊತ್ಕೊಂಡು ಓಡಾಡ್ತಿದೀರಿ ಅಂದ್ರೆ ಬೇಕಾಗಿರುತ್ತೆ. ಸಂಕೋಚ ಪಡಬೇಡಿ, ತಗೊಳ್ಳಿ." ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ "ಆಗ್ಲಿ ಅಣ್ಣ" ಎಂದುಬಿಟ್ಟಿದ್ದಳು. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಒಯ್ದದ್ದಕ್ಕಿಂತ ಹೆಚ್ಚಿನ ಹೊರೆ ನಮ್ಮ ಹೆಗಲ ಮೇಲಿತ್ತು. ನಾಗರಿಕರೆನಿಸಿಕೊಂಡವರ ನಡತೆ ಇದು!

"ಸುಟ್ಟುಬಿಡು," ಎಂದೆ ನಾನು.

"ಭಾವ, ಅಷ್ಟು ಜನರ ಅಂಗಿ ಸುಡೋಕೆ ನಂಗೆ ಕೈ ಬರಲ್ಲ."

ನಾಲ್ಕನೆಯ ದಿನ ಬೆಳಗ್ಗೆ ಆಕೆ ಒಂದು ಗಂಟು ಬಿಚ್ಚಿದಳು. ಆಮೇಲೆ ಇನ್ನೊಂದು. ಎಲ್ಲರ ತುಂಡುಗಳನ್ನೂ ಬೆರೆಸಿ ಒಂದೇ ಕೌದಿ ಮಾಡಿ, ಅದನ್ನು ಹೊದ್ದುಕೊಂಡೇ ತಂಗಿಯ ಮನೆಗೆ ಹೋಗುವುದೆಂದು ತೀರ್ಮಾನಿಸಿದ್ದಳು. "ಎಸೆದ ಹಾಗೂ ಆಗಲ್ಲ, ಇಟ್ಕೊಂಡ ಹಾಗೂ ಆಗಲ್ಲ" ಎಂದಳು. ಅತ್ತೆಯ ಕಟ್ಟಳೆಯನ್ನು ಆಕೆ ಮುರಿದದ್ದು ಅದೊಂದೇ ಸಲ.

ಗೆಣ್ಣುಗಳಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಹೊಲಿದಳು. ಗೂಡುಗಳು ಖಾಲಿಯಾದವು, ಮಂಚ ಕಂಡಿತು, ಕಿಟಕಿ ತೆರೆಯಿತು. ಕೌದಿ ಮಾತ್ರ ದಪ್ಪವಾಗುತ್ತ ಹೋಯಿತು. ಒಂದು ಚೂರೂ ಮಿಗಬಾರದೆಂದು ಪದರದ ಮೇಲೆ ಪದರ ಹಾಕಿದ್ದಳು. ಮುಗಿದ ದಿನ ಹೊದ್ದು ನೋಡಿದಳು. ಅದರ ಭಾರಕ್ಕೆ ತಾನೇ ಏಳಲಾರದೆ "ಭಾವಾ, ಎತ್ತಿ!" ಎಂದು ನಗುತ್ತ ಕೂಗಿದಳು. ನಾನೂ ನಕ್ಕೆ. ಮರುದಿನದ ಬಸ್ಸಿಗೆ ಚೀಟಿ ತಂದದ್ದು ನಾನೇ.

ಸಂಜೆ ಬೇಕರಿಯ ಒಡತಿ ತನ್ನ ಕೌದಿಯನ್ನು ಎದೆಗವಚಿಕೊಂಡು ಬಂದಳು. ನಾಯಿ ಕಚ್ಚಿ ಎಳೆದು ಒಂದು ಚೌಕ ಹರಿದುಹೋಗಿತ್ತು.

"ನಮ್ಮಪ್ಪನ ಅಂಗಿ ಇದು. ನೀಲಿ ಚೌಕಳಿ. ಅದರ ತುಂಡು ಕೊಡಿ, ಈಗ್ಲೇ ಹಾಕ್ಕೊಡಿ."

ನನ್ನ ತಮ್ಮನ ಹೆಂಡತಿ ಮಂಚದ ಮೇಲಿನ ಕೌದಿಯನ್ನು ತೋರಿಸಿದಳು. ಒಡತಿ ಹುಡುಕಿದಳು, ನಡುಮಧ್ಯದಲ್ಲಿ ನೀಲಿ ಚೌಕಳಿ ಸಿಕ್ಕಿತು.

"ಇದನ್ನ ನಿಮ್ಮದಕ್ಕೆ ಹೊಲ್ಕೊಂಡ್ರಾ? ನಮ್ಮಪ್ಪನ್ನ?"

"ತಾಯಿ," ಎಂದೆ ನಾನು, "ನಿಮ್ಮ ಮನೆ ಬಾಗಿಲಿಗೇ ತಂದು ಕೊಟ್ಟಾಗ ಬೇಡವೆಂದವರು ನೀವು. ನಾನು ಸಾಕ್ಷಿ ಇದ್ದೇನೆ."

"ಬೇಡ ಅಂದ್ನಾ? ಇಟ್ಟಿರಿ ಅಂದೆ!" ಎಂದವಳೇ ಅಳತೊಡಗಿದಳು. ಅದು ನಟನೆಯಲ್ಲ, ಅಷ್ಟನ್ನು ನಾನು ಒಪ್ಪಲೇಬೇಕು.

"ಸುಮ್ನಿರಿ ಭಾವ," ಎಂದು ಆಕೆ ಕತ್ತರಿ ತೆಗೆದುಕೊಂಡಳು. ಹೊಲಿಗೆ ಬಿಚ್ಚಲು ಆಕೆಗೆ ಹೊಲಿದುದಕ್ಕಿಂತ ಹೆಚ್ಚು ಕಷ್ಟವಾಯಿತು. ನೀಲಿ ತುಂಡು ಒಡತಿಯ ಕೌದಿಗೆ ಹೋಯಿತು, ತೇಪೆಯೆಂದೇ ತಿಳಿಯದಂತೆ ಕೂತಿತು. ಕಣ್ಣೊರೆಸಿಕೊಂಡು ಹೊರಟ ಒಡತಿ ಬಾಗಿಲಲ್ಲಿ ನಿಂತಳು.

"ಔಷಧಿ ಅಂಗಡಿಯವರದೂ ಇದರಲ್ಲೇ ಇದ್ಯಾ? ಹೇಳ್ತೀನಿ ಬಿಡಿ, ಪಾಪ, ಎಲ್ಲೋ ಕಳೆದುಹೋಯ್ತು ಅಂದ್ಕೊಂಡಾರು. ನೀವು ಇದನ್ನ ಊರಾಚೆ ಮಾತ್ರ ತಗೊಂಡು ಹೋಗ್ಬೇಡಿ."

ಕೌದಿಯ ನಡುವೆ ತೂತಿತ್ತು. ಮುಚ್ಚಲು ಮನೆಯಲ್ಲಿ ಒಂದು ಚಿಂದಿಯೂ ಇರಲಿಲ್ಲ. ಎಲ್ಲವನ್ನೂ ಹೊಲಿದು ಮುಗಿಸಿದ್ದಳು. ಆಕೆ ಪೆಟ್ಟಿಗೆ ತೆರೆದು ಹಸಿರು ನಿಲುವಂಗಿಯನ್ನು ತೆಗೆದಳು. ನಾನು ಕೈ ಅಡ್ಡ ಹಿಡಿದೆ.

"ನಾಳೆ ಬಸ್ಸಿದೆಯಲ್ಲಮ್ಮ!"

"ತೂತು ಕೌದಿ ಬಿಟ್ಟು ಹೋಗ್ಲಾ? ನಾಳೆ ಇನ್ನೊಬ್ರು ಬರ್ತಾರೆ. ಬಂದವ್ರಿಗೆ ಯಾರು ಬಿಚ್ಚಿಕೊಡ್ತಾರೆ, ನೀವಾ?"

ಅಡ್ಡ ಹಿಡಿದ ಕೈಯನ್ನು ನಾನು ಹಿಂತೆಗೆದೆ. ಆಕೆ ನಿಲುವಂಗಿಯ ಕೆಳಅಂಚಿನಿಂದ ಒಂದು ಅಗಲ ಪಟ್ಟಿ ಕತ್ತರಿಸಿ, ತೂತಿಗೆ ಬೇಕಾದಷ್ಟನ್ನು ಹೊಲಿದಳು. ಮಿಕ್ಕ ಹಸಿರು ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ, ತೆರೆದ ಕಿಟಕಿಯ ಸರಳಿಗೆ ಒಣಹಾಕಿದಳು.