ಎರಡೂವರೆ ಸೆಕೆಂಡಿನ ಉರುಕುಂದಮ್ಮ

ಬೆಳಗಿನ ಐದಕ್ಕೆ ಇನ್ನೂ ಐದು ನಿಮಿಷ. ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಒಂದು ಮನೆಯ ಮಾಳಿಗೆಯ ಮೇಲೆ, ಸಿಮೆಂಟು ಹೊರುವ ಹಳೆಯ ಬಾಂಡ್ಲಿಯಲ್ಲಿ ಹತ್ತಿ ಕಟ್ಟಿಗೆ ಉರಿಯುತ್ತಿದೆ. ಉರುಕುಂದಮ್ಮ ಕೂತಲ್ಲಿ ಕೂರುತ್ತಿಲ್ಲ. ಬಾರಿಸುವ ಹಲಗೆಯೊಂದನ್ನು ಉರಿಗೆ ಹಿಡಿಯುತ್ತಾರೆ, ತಿರುಗಿಸುತ್ತಾರೆ, ಚರ್ಮವನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ, ಬೆರಳಿನಿಂದ ತಟ್ಟಿ ಗೋಡೆಗೆ ಒರಗಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ನಡುವೆ ಎರಡು ಸಲ ಎದ್ದು ಹೋಗಿ ಬೀದಿಗೆ ಬಗ್ಗಿ ನೋಡಿದ್ದಾರೆ. ಆರಕ್ಕೆ ಹತ್ತಿ ಲಾರಿಗಳ ಸದ್ದು ಶುರುವಾಗುತ್ತದೆ. ಅಷ್ಟರೊಳಗೆ ಪಕ್ಕದ ಕೋಣೆಯ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮುಗಿಯಬೇಕು.

"ಇದು ಸುಡೂದಲ್ರಿ, ಎಬ್ಬಿಸೂದು," ಎನ್ನುತ್ತಾರೆ, ಉರಿಯಿಂದ ಕಣ್ಣು ತೆಗೆಯದೆ. "ಚರ್ಮ ರಾತ್ರೆಲ್ಲಾ ಮಲಗಿರತೈತಿ. ಬಿರುಸಾಗಿ ಎಬ್ಬಿಸಿದ್ರ ಸಿಟ್ಟಿಗೆದ್ದು ಹರಕೊಂತೈತಿ."

ಐವತ್ತೊಂದು ವರ್ಷದ ಉರುಕುಂದಮ್ಮ ಹಾಲಹರವಿ ಕಡೆಯವರು. ಮದುವೆಯಾಗಿ ಬಂದ ಮನೆ ಹಲಗೆ ಬಾರಿಸುವವರದು. ಬೆಂಕಿಯ ಕೆಲಸ ಅತ್ತೆಯಿಂದ ಬಂತು. ಮೆರವಣಿಗೆಯಲ್ಲಿ ಬಾರಿಸುವವರು ಮುಂದೆ, ಇವರು ಬಾಂಡ್ಲಿ ಇಟ್ಟುಕೊಂಡು ಹಿಂದೆ. ಒಂದು ಮದುವೆಗೆ ಸುಮಾರು ನಲವತ್ತು ಸಲ ಹಲಗೆ ಕಾಯಿಸಿಕೊಡಬೇಕು. ಇಪ್ಪತ್ತೆಂಟು ವರ್ಷಗಳಲ್ಲಿ ಎಷ್ಟು ಮದುವೆಯ ಫೋಟೊದಲ್ಲಿ ಇದ್ದೀರಿ ಎಂದರೆ ನಗುತ್ತಾರೆ. "ಒಂದರಾಗ ನನ್ನ ಹೊಗಿ ಬಂದೈತ್ರಿ."

ಹಲಗೆ ಬಾರಿಸುವವರು ಮೈದುನ ಮಾರೆಪ್ಪ. ಚಹಾ ಕುಡಿಯುತ್ತಾ ಚುಚ್ಚುತ್ತಾರೆ: "ನಮ್ಮತ್ತಿಗಿ ಹಲಗಿಗೆ ಕೆನ್ನಿ ಕೊಟ್ಟಷ್ಟು ನಮ್ಮಣ್ಣಗ ಕೊಟ್ಟಿಲ್ಲ."

"ನಿಮ್ಮಣ್ಣ ಇಷ್ಟು ಜಲ್ದಿ ಎದ್ದಿದ್ರ ಕೊಡ್ತಿದ್ದೆನೇನೋ," ಎಂದು ಅತ್ತಿಗೆ ಕಟ್ಟಿಗೆ ಮುರಿಯುತ್ತಾರೆ.

ಸ್ಟುಡಿಯೋ ಶಿವಕೃಷ್ಣ ಅವರದು. ಕೀಬೋರ್ಡ್, ಗಿಟಾರಿನ ಜೊತೆಗೆ ನಿಜವಾದ ಹಲಗೆಯೂ ಇರುವ ಮದುವೆ ಹಾಡು ಅವರ ಆಸೆ. ತೊಡಕು ಚರ್ಮದ ಗುಣದಲ್ಲೇ ಇದೆ. ಬೆಂಕಿಯಿಂದ ತೆಗೆದ ಹಲಗೆ ತಣಿಯುತ್ತ, ಗಾಳಿಯ ತೇವ ಹೀರುತ್ತ ಸಡಿಲವಾಗುತ್ತದೆ. ಸಡಿಲವಾದಷ್ಟೂ ದನಿ ಇಳಿಯುತ್ತದೆ. ಕೀಬೋರ್ಡಿನ ಸ್ವರ ಇಳಿಯುವುದಿಲ್ಲ. ಗಡಿಯಾರ ಹಿಡಿದು ಕೇಳಿದರೆ ಒಂದೂವರೆ ನಿಮಿಷಕ್ಕೆ ಎರಡೂ ಬೇರೆ ಬೇರೆ ದಾರಿ ಹಿಡಿದದ್ದು ತಿಳಿಯುತ್ತದೆ. ಹಾಡು ನಾಲ್ಕು ನಿಮಿಷದ್ದು.

ಹೋದ ತಿಂಗಳು ಶಿವಕೃಷ್ಣ ಪ್ರತಿ ಪೆಟ್ಟನ್ನೂ ಕಂಪ್ಯೂಟರಿನಲ್ಲಿ ಒಂದೇ ಸ್ವರಕ್ಕೆ ತಿದ್ದಿ ಕೇಳಿಸಿದರು. ಮಾರೆಪ್ಪ ಮುಖ ತಿರುಗಿಸಿ, ಇದು ಹಲಗಿ ಅಲ್ಲ, ಬಕೀಟು ಎಂದರು. ಆಗ ಬಾಗಿಲಲ್ಲಿ ನಿಂತಿದ್ದ ಉರುಕುಂದಮ್ಮ ಒಂದು ದಾರಿ ಹೇಳಿದರು: ಮೂರು ಹಲಗೆ ಕಾಯಿಸಿಡುವುದು, ಒಂದೊಂದು ಚರಣ ಮುಗಿದಾಗ ಬದಲಿಸುವುದು. ಬದಲಿಸಲು ಹಾಡು ತಾಳದ ನಾಲ್ಕು ಎಣಿಕೆ ನಿಲ್ಲಬೇಕು. ಅಂದರೆ ಎರಡೂವರೆ ಸೆಕೆಂಡು. ಬಾಗಿಲ ಬದಲು ದಪ್ಪ ಗಾದಿ ಇಳಿಬಿಟ್ಟರು. ಅದರ ಸಂದಿಯಿಂದ ಬಿಸಿ ಹಲಗೆ ಒಳಗೆ, ತಣ್ಣನೆಯದು ಹೊರಗೆ. ಬಳೆ ಸದ್ದಾಗಬಾರದೆಂದು ಉರುಕುಂದಮ್ಮ ಮುಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ.

ಮೊದಲ ದಿನ ಅವರೇ ತಪ್ಪಿದರು. ಮೆರವಣಿಗೆಗೆ ಕಾಯಿಸುವಷ್ಟೇ ಕಾಯಿಸಿದರು. ಬಯಲ ಗಾಳಿಯಿಲ್ಲದ ಕೋಣೆಯಲ್ಲಿ ಹಲಗೆ ಬೇಗ ತಣಿಯಲಿಲ್ಲ, ದನಿ ಕೀಬೋರ್ಡಿಗಿಂತ ಮೇಲೆಯೇ ನಿಂತಿತು. ಈಗ ಹತ್ತು ಎಣಿಕೆ ಮೊದಲೇ ಉರಿಯಿಂದ ತೆಗೆಯುತ್ತಾರೆ.

ಇಂದಿನ ಚಡಪಡಿಕೆಗೆ ಕಾರಣ ಬೇರೆ. ಆ ಎರಡು ನಿಲುಗಡೆ ಬೇಡವೆಂದು ಶಿವಕೃಷ್ಣ ಅವರಿಗೆ ನಿನ್ನೆಯಿಂದ ಅನಿಸತೊಡಗಿದೆ. ಫೋನಿನಲ್ಲಿ ಹಾಡು ನಿಂತರೆ ಜನ ನೆಟ್ ಹೋಯಿತೆಂದು ಮುಂದಿನ ಹಾಡಿಗೆ ಹೋಗುತ್ತಾರೆ ಎಂಬುದು ಅವರ ಅಂಜಿಕೆ. ನಿಲುಗಡೆ ಹೋದರೆ ಹಲಗೆ ಬದಲಿಸುವಂತಿಲ್ಲ. ಮತ್ತೆ ಕಂಪ್ಯೂಟರಿನ ಬಕೀಟು. ಬಾಂಡ್ಲಿಗೆ ಇಲ್ಲಿ ಕೆಲಸವಿಲ್ಲ. ಬೆಳಕು ಹರಿಯುವುದರೊಳಗೆ ತೀರ್ಮಾನವಾಗಬೇಕು.

ಐದೂಕಾಲಿಗೆ ಹಾಡು ಶುರುವಾಗುತ್ತದೆ. ಮೊದಲ ಚರಣ ಮುಗಿದು ಎಲ್ಲವೂ ನಿಲ್ಲುತ್ತದೆ, ಗಾದಿ ಅಲುಗುತ್ತದೆ, ಹಲಗೆ ಗಟ್ಟಿಯಾಗಿ ಏಳುತ್ತದೆ. ಎರಡನೆಯ ಸಲವೂ ಹಾಗೆಯೇ. ಮುಗಿದ ಮೇಲೆ ಶಿವಕೃಷ್ಣ ಹೆಡ್‌ಫೋನ್ ತೆಗೆದು ಹೊರಬರುತ್ತಾರೆ. ಅವರ ಮಾತು ಅರ್ಧ ತೆಲುಗು. "ಬಾವುಂದಿ ಪೆದ್ದಮ್ಮಾ, ಚೆನ್ನಾಗೇ ಐತಿ. ಆದ್ರ ಅಷ್ಟೊತ್ತು ನಿಂತ್ರ ಜನ ಹೋಗ್ತಾರಲ್ಲ?"

ಉರುಕುಂದಮ್ಮ ಮೊದಲ ಬಾರಿಗೆ ಕೂರುತ್ತಾರೆ. "ಸಾರೂ, ಮೆರವಣಿಗ್ಯಾಗ ಹಲಗಿ ಕಾಸಾಕ ನಿಂತಾಗ ಜನ ಮನಿಗೆ ಹೋಗ್ಯಾರೇನ್ರಿ? ಬೆಂಕಿ ಸುತ್ತಾ ಬಂದು ನಿಂತಿರ್ತಾರ. ಈಗ ಬಾರಸ್ತಾರ, ಈಗ ಬಾರಸ್ತಾರ ಅಂತ."

ಶಿವಕೃಷ್ಣ ಒಳಗೆ ಹೋಗಿ ಹಾಡನ್ನು ಇನ್ನೊಮ್ಮೆ ಹಾಕುತ್ತಾರೆ. ನಿಲುಗಡೆ ಬಂದಾಗ ತಾಳ ಹಾಕುತ್ತಿದ್ದ ಅವರ ಬೆರಳು ಮೇಜಿನ ಮೇಲೆ ಎತ್ತಿದಂತೆಯೇ ಕಾಯುತ್ತದೆ. ಹಲಗೆ ಎದ್ದಾಗ ಇಳಿಯುತ್ತದೆ. ತಮ್ಮ ಬೆರಳನ್ನೇ ನೋಡಿಕೊಂಡು ಅವರು "ಸರೇ, ಉಂಡನೀ," ಎನ್ನುತ್ತಾರೆ. ಇರಲಿ ಬಿಡು ಎಂದು.

ಆರಾಗುತ್ತ ಬಂತು, ಕೆಳಗೆ ಮೊದಲ ಲಾರಿ ಬಂದಿದೆ. ಹಾಡಿನ ಕೆಳಗೆ ನಿಮ್ಮ ಹೆಸರೂ ಹಾಕಿಸಲೇ ಎಂದು ಮಾರೆಪ್ಪ ಕೇಳಿದರೆ ಅತ್ತಿಗೆ ಬೇಡವೆನ್ನುತ್ತಾರೆ. ಮುಂಗೈಯ ಬಟ್ಟೆ ಬಿಚ್ಚುತ್ತಾರೆ. ಈಗ ಬಳೆಗಳು ಸದ್ದು ಮಾಡುತ್ತವೆ.

"ಹಾಡು ನಿಮ್ಮೆಲ್ಲಾರದು," ಎನ್ನುತ್ತಾರೆ. "ನಡುವ ಸುಮ್ಮಕಿರತೈತಲ್ಲ, ಅಷ್ಟು ನಂದು."