ಸೊಸೆಯ ಚಿತ್ರಕ್ಕೆ ಮಾವ ನಿರ್ಮಾಪಕ

ಯಾವುದಾದರೂ ಅರ್ಜಿಯಲ್ಲಿ ‘ವೃತ್ತಿ’ ಎಂಬ ಜಾಗ ಬಂದರೆ ನಾನೀಗ ಸ್ವಲ್ಪ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂರುತ್ತೇನೆ. ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವನು ‘ನಿವೃತ್ತ ಶಿಕ್ಷಕ’ ಎಂದು ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಕೈ ‘ಚಲನಚಿತ್ರ ನಿರ್ಮಾಪಕ’ ಎಂದು ಬರೆಯಲು ತುಡಿಯುತ್ತದೆ. ಇದು ಜಂಬವೇ. ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು?

ನನ್ನನ್ನು ನಿರ್ಮಾಪಕನನ್ನಾಗಿ ಮಾಡಿದವಳು ಸೊಸೆ ಮೇಘನಾ. ಸಣ್ಣ ಚಿತ್ರಗಳನ್ನು ಮಾಡಿಕೊಂಡಿದ್ದವಳು, ಮದುವೆಯಾಗಿ ನಮ್ಮ ಬಸವನಗುಡಿಯ ಮನೆಗೆ ಬಂದ ಮೇಲೆ ಅತ್ತೆಯನ್ನು ನೋಡುತ್ತ ನೋಡುತ್ತ ಒಂದು ಪೂರ್ಣ ಚಿತ್ರಕತೆ ಬರೆದಳು. ಆ ಅತ್ತೆ, ಅಂದರೆ ನನ್ನ ಹೆಂಡತಿ ರುಕ್ಮಿಣಿ, ನಡುಮನೆಯಲ್ಲಿ ಚಾಪೆ ಹಾಸಿ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ನಾಲ್ಕೈದು ವರ್ಷಗಳಿಂದ ಅವಳ ಕಿವಿ ಮಂದವಾಗುತ್ತಿದೆ. ಪಾಠ ಮಾತ್ರ ನಿಲ್ಲಿಸಿಲ್ಲ. ಚಿತ್ರದ ಕತೆಯೂ ಅಷ್ಟೇ. ಬರೆಯುವ ಮೊದಲು ಮೇಘನಾ ಅತ್ತೆಯ ಒಪ್ಪಿಗೆ ಕೇಳಿದ್ದಳು.

“ಬರ್ಕೊಳಮ್ಮ,” ಎಂದಿದ್ದಳು ರುಕ್ಮಿಣಿ. “ನೋಡಿದೋರು ಅಯ್ಯೋ ಪಾಪ ಅನ್ನೋ ಹಾಗೆ ಮಾತ್ರ ತೋರಿಸ್ಬೇಡ.”

ಆ ಚಿತ್ರಕತೆ ಯುರೋಪಿನ ಕಡಲತೀರದ ಊರೊಂದರಲ್ಲಿ ನಡೆಯುವ ಸಹ-ನಿರ್ಮಾಣ ಮಾರುಕಟ್ಟೆಗೆ ಆಯ್ಕೆಯಾಯಿತು. ಹೊರಡಲು ಇನ್ನೆರಡು ತಿಂಗಳಿದೆ ಎನ್ನುವಾಗ ಮೊದಲಿನ ನಿರ್ಮಾಪಕರು ಬೇರೆ ಕೆಲಸದ ನೆಪ ಹೇಳಿ ಹಿಂದೆ ಸರಿದರು. ನಿರ್ಮಾಪಕರಿಲ್ಲದ ನಿರ್ದೇಶಕಿಗೆ ಅಲ್ಲಿ ಪ್ರವೇಶವಿಲ್ಲ. ಮಾರನೆಯ ಬೆಳಿಗ್ಗೆ ಮೇಘನಾ ನನ್ನ ಮುಂದೆ ಕಾಫಿ ಲೋಟ ಇಟ್ಟು ಅಲ್ಲೇ ನಿಂತಳು.

“ಮಾವ, ನೀವು ಪ್ರೊಡ್ಯೂಸರ್ ಆಗ್ತೀರಾ?”

“ನನಗೇನಮ್ಮ ಗೊತ್ತು ಅದೆಲ್ಲ?”

“ಬೇರೆ ದೇಶದೋರಿಗೆ ನಮ್ಮ ಚಿತ್ರ ಏನು ಅಂತ ಅರ್ಥ ಮಾಡಿಸ್ಬೇಕು, ಅಷ್ಟೇ. ನೀವು ಪಾಠ ಮಾಡಿ ಅಭ್ಯಾಸ ಇರೋರು.”

ಮಾರುಕಟ್ಟೆ ಎಂದರೆ ನನಗೆ ಗಾಂಧಿಬಜಾರು. ಅವರೆಕಾಯಿಯನ್ನು ಮೂಸಿ ನೋಡದೆ ಚೀಲಕ್ಕೆ ಹಾಕಿಸಿಕೊಳ್ಳುವ ಜನವಲ್ಲ ನಾವು. ನಾನು ಒಪ್ಪಿಕೊಂಡು ಸೊಸೆಯ ಜೊತೆ ಹೋದ ಆ ಕಡಲತೀರದ ಊರಿನಲ್ಲಿ ನೋಡಿದರೆ ಇನ್ನೂ ತೆಗೆದೇ ಇಲ್ಲದ ಚಿತ್ರಗಳ ವ್ಯಾಪಾರ. ದೊಡ್ಡ ಹಾಲಿನ ತುಂಬ ಪುಟ್ಟ ಪುಟ್ಟ ಟೇಬಲ್ಲುಗಳು. ಆಯ್ಕೆಯಾದ ಕತೆಗಳನ್ನೆಲ್ಲ ಒಂದು ಪುಸ್ತಕ ಮಾಡಿ ಮೊದಲೇ ಕಳಿಸಿರುತ್ತಾರೆ. ಬಂಡವಾಳ ಹಾಕುವವರು, ಬೇರೆ ದೇಶಗಳ ನಿರ್ಮಾಪಕರು, ಚಿತ್ರ ಮಾರಿಕೊಡುವವರು ತಮಗೆ ಹಿಡಿಸಿದ್ದಕ್ಕೆ ಗುರುತು ಹಾಕುತ್ತಾರೆ, ಅದರಂತೆ ವೇಳಾಪಟ್ಟಿ. ಒಂದೊಂದು ಭೇಟಿಗೆ ಅರ್ಧ ಗಂಟೆ. ಬೆಲ್ ಆದರೆ ಎದ್ದು ಮುಂದಿನ ಟೇಬಲ್ಲಿಗೆ ನಡೆಯಬೇಕು. ಪೀರಿಯಡ್ಡುಗಳ ಈ ಶಿಸ್ತು ನನಗೆ ಚೆನ್ನಾಗಿ ಒಗ್ಗಿದ್ದೇ.

ದೂರದ ದೇಶದವರು ಬಸವನಗುಡಿಯ ಕತೆಗೆ ಯಾಕೆ ದುಡ್ಡು ಹಾಕುತ್ತಾರೆ ಎಂದು ನನಗೂ ಅನುಮಾನವಿತ್ತು. ಹಲವು ದೇಶಗಳಲ್ಲಿ ಚಿತ್ರಗಳಿಗೆಂದೇ ಸರ್ಕಾರದ ನಿಧಿಗಳಿವೆಯಂತೆ. ಆ ದೇಶದ ನಿರ್ಮಾಪಕರೊಬ್ಬರು ನಮ್ಮ ಜೊತೆ ಸೇರಿ, ಕೆಲಸದಲ್ಲಿ ಒಂದಿಷ್ಟನ್ನು ತಮ್ಮೂರಿನಲ್ಲಿ ಮಾಡಿಸಿದರೆ ಆ ನಿಧಿಗೆ ಅರ್ಜಿ ಹಾಕಬಹುದು. ಆಮೇಲೆ ಚಿತ್ರ ಎರಡೂ ದೇಶಗಳದ್ದು. ಬೋರ್ಡಿನ ಮೇಲೆ ಸಾವಿರ ಸಲ ದೇಶಗಳ ಗಡಿ ಬರೆದ ನಾನು, ಗಡಿ ದಾಟಲು ಇಂಥದೊಂದು ದಾರಿಯಿದೆ ಎಂದು ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಬೆಂಗಳೂರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬಲ್ಲಿಂದ ಶುರುಮಾಡಿದೆ. ಮುಂಗಾರು, ಹಿಂಗಾರು ಎರಡನ್ನೂ ಮುಗಿಸಿ ಕಥಾನಾಯಕಿಯ ಮನೆ ಬಾಗಿಲು ತಲುಪುವಷ್ಟರಲ್ಲಿ ಬೆಲ್ ಆಯಿತು.

“ಮಾವ, ಮಳೆ ಬೇಡ,” ಎಂದಳು ಮೇಘನಾ ಮೆಲ್ಲಗೆ. “ಅತ್ತೆ ವಿಷಯ ಹೇಳಿ ಸಾಕು.”

ಸಂಜೆಯ ಹೊತ್ತಿಗೆ ಸೂಟು ತೊಟ್ಟ ದೊಡ್ಡ ಬಂಡವಾಳಗಾರರೊಬ್ಬರು ಸಿಕ್ಕರು. ಬೇಕಾದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾವೊಬ್ಬರೇ ತರುವುದಾಗಿ ಹೇಳಿದರು. ಎರಡೇ ಷರತ್ತು. ಚಿತ್ರ ಹಿಂದಿಯಲ್ಲಿರಬೇಕು. ನಾಯಕಿಯ ವಯಸ್ಸು ಅರವತ್ತೆರಡರಿಂದ ಮೂವತ್ತೈದಕ್ಕೆ ಇಳಿಯಬೇಕು. ಆ ವಯಸ್ಸಿನಲ್ಲಿ ಕಿವಿ ಹೋದರೆ ಜನ ಹೆಚ್ಚು ಅಳುತ್ತಾರೆ ಎಂಬುದು ಅವರ ಲೆಕ್ಕ. ಮೇಘನಾ ನನ್ನ ಮುಖ ನೋಡಿದಳು. ನಾನು ಏನೆಂದೆ ಗೊತ್ತೆ? “ಯೋಚನೆ ಮಾಡಿ ತಿಳಿಸುತ್ತೇವೆ” ಎಂದೆ. ಕೈಕುಲುಕಿಯೂ ಬಂದೆ.

ಹೊರಗೆ ಕಡಲ ಕಡೆ ಮುಖಮಾಡಿದ ಬೆಂಚಿನ ಮೇಲೆ ಇಬ್ಬರೂ ಕೂತೆವು.

“ನಿನಗೆ ಬೇಜಾರಾಯ್ತೇನಮ್ಮ?” ನಾನೇ ಕೇಳಿದೆ.

“ನನ್ನ ಬಿಡಿ ಮಾವ. ಊರಿಗೆ ಹೋದ್ಮೇಲೆ ಅತ್ತೆಗೆ ಇದನ್ನ ಯಾರು ಹೇಳ್ತಾರೆ? ನೀವು ಹೇಳ್ತೀರಾ?”

ರುಕ್ಮಿಣಿಯ ಮುಂದೆ ನಿಂತು ಆ ಮಾತು ಹೇಳುವುದನ್ನು ಊಹಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಎದ್ದು ಹಾಲಿಗೆ ವಾಪಸು ಹೋದೆ. ಆ ಮಹನೀಯರು ಕೋಟು ಹಾಕಿಕೊಳ್ಳುತ್ತಿದ್ದರು. ನಾಯಕಿಯ ವಯಸ್ಸು ಇಳಿಸುವುದು ಸಾಧ್ಯವಿಲ್ಲ, ಅವಳು ಕನ್ನಡ ಬಿಡುವುದೂ ಇಲ್ಲ ಎಂದೆ. ಸ್ವಲ್ಪ ಬಗ್ಗಬಹುದಲ್ಲ ಎಂದರು. “ಆಕೆ ನನ್ನ ಹೆಂಡತಿ, ಸರ್,” ಎಂದೆ. ಅವರು ಕೋಟಿನ ಗುಂಡಿ ಹಾಕಿಕೊಂಡು ಹೊರಟರು. ಅಷ್ಟು ದೊಡ್ಡ ಮೊತ್ತಕ್ಕೆ ಬೇಡ ಎಂದು ಹೇಳಿ ನಡೆದು ಬರುವಾಗ ಮಂಡಿಯ ನೋವು ಕೂಡ ನೆನಪಾಗಲಿಲ್ಲ.

ಮರುದಿನ ಕೊನೆಯ ಭೇಟಿ ಇಂಗ್ರಿಡ್ ಎಂಬ ಹೆಂಗಸಿನ ಜೊತೆ. ಚಳಿ ದೇಶದವರು, ಅಲ್ಲಿ ಶಬ್ದ ಸಂಯೋಜನೆಯ ಒಂದು ಸಣ್ಣ ಸ್ಟುಡಿಯೋ ನಡೆಸುತ್ತ ಚಿತ್ರಗಳಿಗೂ ಪಾಲುದಾರರಾಗುವವರು. ಮೇಘನಾ ಕತೆ ಹೇಳಿ ಮುಗಿಸಿದ ಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದರು. ನಿಮ್ಮ ನಾಯಕಿಗೆ ಮೊದಲು ಕೇಳಿಸದೆ ಹೋದದ್ದು ಯಾವ ಶಬ್ದ?

ಮೇಘನಾ ನನ್ನ ಕಡೆ ತಿರುಗಿದಳು. ಅದು ಅವಳು ನಮ್ಮ ಮನೆಗೆ ಬರುವುದಕ್ಕೂ ಮುಂಚಿನ ಸಂಗತಿ.

ಒಂದು ಸಂಜೆ ಪಾಠದಲ್ಲಿ ಎಳೆಯ ದನಿಯ ಹುಡುಗಿಯೊಬ್ಬಳು ಹಾಡುತ್ತ ಮೇಲಿನ ಷಡ್ಜಕ್ಕೆ ಹೋಗಿ ಚೆನ್ನಾಗಿ ನಿಂತಿದ್ದಳು. ರುಕ್ಮಿಣಿ ತಾಳ ನಿಲ್ಲಿಸಿ, “ಯಾಕೆ ಪುಟ್ಟಿ ನಿಲ್ಲಿಸ್ಬಿಟ್ಟೆ, ಹಾಡು” ಎಂದಳು. ಹುಡುಗಿ ಗಾಬರಿಯಾಗಿ ನನ್ನನ್ನು ನೋಡಿದಳು. ಅವಳು ಹಾಡುತ್ತಲೇ ಇದ್ದಳು. ಆ ಎತ್ತರದ ದನಿ ನನ್ನ ಹೆಂಡತಿಯ ಕಿವಿಗೆ ಬಿದ್ದಿರಲಿಲ್ಲ. ರುಕ್ಮಿಣಿ ಮಗುವಿನ ಬಾಯಿ ನೋಡಿದಳು, ಅರ್ಥಮಾಡಿಕೊಂಡಳು. ತನ್ನದೇ ತಪ್ಪೆಂದು ಹೇಳಿ ಮತ್ತೊಮ್ಮೆ ಹಾಡಿಸಿದಳು. ಅಂದಿನಿಂದ ಅವಳು ಪಾಠ ಹೇಳುವಾಗ ಮಕ್ಕಳ ಗಂಟಲನ್ನು ನೋಡುತ್ತಾಳೆ.

ಇದಿಷ್ಟನ್ನು ನನ್ನ ಮೇಷ್ಟ್ರ ಇಂಗ್ಲಿಷಿನಲ್ಲಿ ಹೇಳಿದೆ. ಬೆಲ್ ಆಯಿತು. ಇಂಗ್ರಿಡ್ ಏಳಲಿಲ್ಲ.

ಆಮೇಲೆ ವರ್ಷದವರೆಗೆ ಪತ್ರಗಳು, ಕರಾರುಗಳು, ಅವರ ದೇಶದ ನಿಧಿಗೆ ಅರ್ಜಿ. ಮೊದಲ ಸಲ ತಿರಸ್ಕಾರವಾಯಿತು, ಎರಡನೆಯ ಸಲ ಒಪ್ಪಿಗೆ ಸಿಕ್ಕಿತು. ಚಿತ್ರೀಕರಣ ನಮ್ಮ ಬೀದಿಯಲ್ಲೇ ನಡೆಯಿತು. ಶಬ್ದದ ಕೆಲಸವೆಲ್ಲ ಇಂಗ್ರಿಡ್ ಅವರ ಊರಿನಲ್ಲಿ. ಕನ್ನಡದ ಅಕ್ಷರಗಳ ಕೆಳಗೆ ಎರಡು ದೇಶಗಳ ಹೆಸರು ಪರದೆಯ ಮೇಲೆ ಮೂಡಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ಆ ಮೊದಲ ಪ್ರದರ್ಶನಕ್ಕೆ ಇಂಗ್ರಿಡ್ ಬೆಂಗಳೂರಿಗೆ ಬಂದಿದ್ದರು. ಚಿತ್ರದಲ್ಲಿ ಕೆಲವು ಕಡೆ ಶಬ್ದ ನಾಯಕಿಗೆ ಕೇಳುವಷ್ಟೇ ನಮಗೂ ಕೇಳುತ್ತದೆ. ಹುಡುಗಿಯ ಬಾಯಿ ತೆರೆದಿರುತ್ತದೆ, ಸ್ವರವಿರುವುದಿಲ್ಲ. ದೀಪ ಹತ್ತಿದ ಮೇಲೆ ಆಕೆ ನೇರವಾಗಿ ರುಕ್ಮಿಣಿಯ ಹತ್ತಿರ ಬಂದು, ಶಬ್ದ ಸರಿಯಾಗಿದೆಯೆ ಎಂದು ಕೇಳಿದರು. ನಾನು ಅದನ್ನು ರುಕ್ಮಿಣಿಯ ಕಿವಿಯ ಬಳಿ ಕನ್ನಡದಲ್ಲಿ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು, ಶಿಷ್ಯರನ್ನು ಪಾಸು ಮಾಡುವ ಗತ್ತಿನಲ್ಲೇ ಉತ್ತರ ಕೊಟ್ಟಳು.

“ಸರಿಯಾಗಿದೆ ಅಂತ ಹೇಳಿ. ನನಗೆ ಕೇಳಿಸ್ದೇ ಇರೋದು ಒಂದೂ ಕೇಳಿಸ್ಲಿಲ್ಲ.”