ಫಟಫಟಿ ಮೇಲೆ ಉಡಿಯಕ್ಕಿ

ಮುಧೋಳದಲ್ಲಿ ನಮ್ಮವರು ನೀರೆತ್ತುವ ಎಣ್ಣೆ ಇಂಜಿನ್ನುಗಳ ರಿಪೇರಿ ಮಾಡುತ್ತಿದ್ದರು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಮೋಟರ್ ಸೈಕಲ್ಲೊಂದನ್ನು ಅವರು ಕೊಂಡಿದ್ದರು. ಊರ ಮಂದಿ ಅದಕ್ಕೆ ಫಟಫಟಿ ಅನ್ನುತ್ತಿದ್ದರು. ಯಾರ ಹೊಲದ ಇಂಜಿನ್ ಕೆಟ್ಟರೂ, ಬೀಳಗಿ ಕಡೆಯ ಅನಗವಾಡಿಯವರೆಗೂ, ಅದರ ಮೇಲೇ ಸವಾರಿ.

ಗಂಡನಾಗಿ ಅವರಲ್ಲಿ ನಾನು ಹತ್ತು ಕೊರತೆ ಹೇಳಬಲ್ಲೆ. ಆದರೆ ಗಾಡಿಗೆ ಸಾಮಾನು ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಎರಡೂ ಮಗ್ಗಲಿಗೆ ಖಾಕಿ ಚೀಲ. ಎಡಕ್ಕೆ ನಟ್ಟು ಬಿಚ್ಚುವ ಪಾನಾ, ಇಕ್ಕಳ. ಬಲಕ್ಕೆ ಅಷ್ಟೇ ತೂಕದ ಎಣ್ಣೆ ಡಬ್ಬಿ. ಬಟ್ಟೆಬರೆಯ ಗಂಟು ಹಿಂದಿನ ಕ್ಯಾರಿಯರಿಗೆ. ಹಗ್ಗ ಕುಲುಕಾಟಕ್ಕೆ ಸಡಿಲಾಗುತ್ತದೆಂದು ಹಳೆ ಟ್ಯೂಬನ್ನು ಉದ್ದುದ್ದ ಸೀಳಿ ಆ ರಬ್ಬರ್ ಪಟ್ಟಿಯಿಂದ ಬಿಗಿಯುತ್ತಿದ್ದರು. ತವರಿನ ಕಟಕ ರೊಟ್ಟಿ ಮನೆ ಮುಟ್ಟುವಷ್ಟರಲ್ಲಿ ಪುಡಿಯಾಗುತ್ತಿತ್ತು. ಅದನ್ನು ಕೌದಿಯ ಮಡಿಕೆಯೊಳಗೆ ಇಟ್ಟು ಕಟ್ಟುವ ಉಪಾಯ ನನ್ನದು. ನಮ್ಮವರು ಅದನ್ನು ತಮ್ಮದೇ ಎಂದು ನಾಲ್ಕು ಮಂದಿಗೆ ಹೇಳಿಕೊಂಡು ತಿರುಗಿದರು. ಇರಲಿ.

ಇಷ್ಟೆಲ್ಲ ಕಟ್ಟಿ ಉಳಿದ ಜಾಗದಲ್ಲಿ ನಾನು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು. ಒಂದು ಕೈಯಲ್ಲಿ ಸೀಟಿನ ಕಂಬಿ, ಇನ್ನೊಂದು ಕೈಯಲ್ಲಿ ತಲೆ ಮೇಲಿನ ಸೆರಗು.

ಮದುವೆಯಾದ ಎರಡನೆಯ ವರ್ಷ ತೇರದಾಳದ ತವರಿಗೆ ಎಂಟು ದಿನಕ್ಕೆಂದು ಹೋಗಿದ್ದೆ. ಆಗ ನನಗೆ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಅವ್ವನಿಗೆ ಮಾತ್ರ ಹೇಳಿದೆ. ಮೂರು ತುಂಬುವ ತನಕ ಗಂಡಸರ ಕಿವಿಗೆ ಹಾಕಬಾರದು, ದೃಷ್ಟಿಯಾಗುತ್ತದೆ ಅನ್ನುವುದು ನಮ್ಮ ಮನೆ ಹೆಂಗಸರ ಕಟ್ಟಳೆ. ವಾಪಸು ಬಸ್ಸಿನಲ್ಲಿ ಬರುತ್ತೇನೆ ಅನ್ನಬಹುದಿತ್ತು. ಗಾಡಿ ಇರುವಾಗ ಬಸ್ಸು ಯಾಕೆ ಎಂದು ನಮ್ಮವರು ಕೇಳಿದರೆ ಏನು ಹೇಳುವುದು?

ಅವರು ಕರೆದೊಯ್ಯಲು ಬಂದ ದಿನ ಅವ್ವ ನನ್ನ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಅರಿಷಿಣಕೊಂಬು, ಉತ್ತತ್ತಿ, ಎಲೆ ಅಡಿಕೆ. ಎಲ್ಲವನ್ನೂ ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತವರಿನ ಉಡಿಯನ್ನು ಗಂಡನ ಮನೆಯ ದೇವರ ಮುಂದೆ ಇಡುವ ತನಕ ಎಲ್ಲಿಯೂ ಕೆಳಗಿಡುವಂತಿಲ್ಲ. ಆ ಸಲ ಅವ್ವ ಎಂದಿಗಿಂತ ಧಾರಾಳವಾಗಿ ಅಕ್ಕಿ ಹಾಕಿದ್ದಳು. ಯಾಕೆಂದು ನಮ್ಮಿಬ್ಬರಿಗೇ ಗೊತ್ತು.

"ಅದನ್ನ ಚೀಲದಾಗ ಹಾಕು. ಕಾಯಿ ಭಾರ ಐತಿ" ಅಂದರು ನಮ್ಮವರು.

"ಚೀಲದಾಗ ಎಣ್ಣಿ ಡಬ್ಬಿ ಐತ್ರಿ. ಉಡಿ ಅಲ್ಲಿಡಬಾರದು."

"ಹಂಗಾರ ಹಿಂದ ಕಟ್ಟತೇನಿ. ಒಂದ ಕಾಳ ಬೀಳಾಂಗಿಲ್ಲ, ನೋಡು."

"ಬ್ಯಾಡ್ರಿ. ಉಡಿಯಾಗಿಂದು ಉಡಿಯಾಗ ಇರಬೇಕು."

ಅವರು ಅವ್ವನ ಮುಖ ನೋಡಿದರು. ಹೇಳಿಬಿಡುತ್ತಾಳೋ ಎಂದು ಹೆದರಿದೆ. ಅವ್ವ ಒಳಗೆ ಹೋಗಿಬಿಟ್ಟಳು.

ದಾರಿಯಲ್ಲಿ ಸಿಗುವ ಬನಹಟ್ಟಿಯ ಓಣಿಯಲ್ಲಿ ನೇಕಾರರು ಗಂಜಿ ಹಚ್ಚಿದ ನೂಲನ್ನು ಉದ್ದಕ್ಕೂ ಹರವಿದ್ದರಿಂದ ಅಲ್ಲಿ ನಿಧಾನಕ್ಕೆ ಬಂದೆವು. ಊರು ದಾಟಿದ್ದೇ ನಮ್ಮವರು ತಡವಾಯಿತೆಂದು ಜೋರು ಮಾಡಿದರು. ಮೆಲ್ಲಗೆ ಹೊಡೆಯಿರಿ ಅಂದೆ. ಇಂಜಿನ್ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಕಲ್ಲುದಾರಿಯ ಕುಲುಕಾಟಕ್ಕೆ ಸೆರಗಿನ ಗಂಟು ಜಾರಿ ಅಕ್ಕಿ ಸುರಿಯತೊಡಗಿತು. ಕಂಬಿ ಬಿಟ್ಟು ಎರಡೂ ಕೈಯಿಂದ ಉಡಿಯನ್ನು ತಬ್ಬಿಕೊಂಡೆ. ಅದೇ ಹೊತ್ತಿಗೆ ಎದುರಿಗೆ ಎತ್ತಿನ ಚಕ್ಕಡಿ ಬಂತು, ನಮ್ಮವರು ಗಾಡಿಯನ್ನು ಪಕ್ಕಕ್ಕೆ ಎಳೆದರು. ನಾನು ನೆಲದ ಮೇಲಿದ್ದೆ.

ಮೊಣಕೈ ತರಚಿತ್ತು, ಅಷ್ಟೆ. ಅವರು ಓಡಿ ಬಂದಾಗ ನಾನು ಮಣ್ಣಿನೊಳಗಿನ ಅಕ್ಕಿ ಆರಿಸುತ್ತಿದ್ದೆ.

"ಅಕ್ಕಿ ಹೋದ್ರ ಹೋಗ್ಲಿ, ನಿನಗೇನಾತು?"

"ಏನಿಲ್ರಿ" ಅಂದೆ.

ಅವರೂ ಕುಕ್ಕರಗಾಲಲ್ಲಿ ಕೂತು ನನ್ನ ಜೊತೆ ಅಕ್ಕಿ ಆರಿಸಿದರು. ಆಗಲಾದರೂ ಹೇಳಬಹುದಿತ್ತು. ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಹೇಳದೆ ಉಳಿಸಿಕೊಂಡ ಆ ಒಂದು ಮಾತಿಗೆ. ಮಿಕ್ಕ ಹದಿನೈದು ಮೈಲು ನಡಿಗೆಯ ವೇಗದಲ್ಲಿ ಬಂದೆವು.

ಮೂರನೆಯ ದಿನ ಮುಂಜಾನೆ ಹೊಟ್ಟೆನೋವು ಶುರುವಾಗಿ ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಬಿದ್ದದ್ದರಿಂದಲೇ ಹೋಯಿತೋ, ಹೋಗುವುದೇ ಇತ್ತೋ, ನನಗೆ ತಿಳಿಯದು. ಉಡಿ ಚೆಲ್ಲಿದ್ದಕ್ಕೇ ಹೀಗಾಯಿತು ಅಂದರು ಅತ್ತೆ. ಚೆಲ್ಲಬಾರದೆಂದು ಹಿಡಿಯಲು ಹೋದದ್ದಕ್ಕೇ ಬಿದ್ದೆ ಎಂದು ಅವರಿಗೆ ಹೇಳಬೇಕೆನಿಸಿತು. ಅಷ್ಟು ಶಕ್ತಿ ಇರಲಿಲ್ಲ.

ಸಂಜೆ ನಮ್ಮವರು ಕೆಲಸದಿಂದ ಬಂದರು. ಅತ್ತೆ ಅಂಗಳದಲ್ಲೇ ವಿಷಯ ಹೇಳಿದ್ದು ನನಗೆ ಕೇಳಿಸಿತ್ತು. ಎಣ್ಣೆ ಮೆತ್ತಿದ ಕೈ ತೊಳೆಯದೆ ಒಳಗೆ ಬಂದು ನನ್ನ ಹಾಸಿಗೆಯ ಪಕ್ಕ ನೆಲಕ್ಕೆ ಕೂತರು.

"ಎಷ್ಟ ದಿನ ಆಗಿತ್ತು?"

"ಎರಡ ತಿಂಗಳ್ರಿ."

"ಅವತ್ತ ನಿಮ್ಮವ್ವಗ ಗೊತ್ತಿತ್ತೇನು?"

"ಹೂಂ."

ಅವರು ತಮ್ಮ ಕೈಗಳನ್ನೇ ನೋಡುತ್ತ ಕೂತರು.

"ಹಂಗಾರ ಗಾಡಿ ಮ್ಯಾಲ ಏನ ಒಯ್ಯಾಕತ್ತೇನಿ ಅಂತ ನನಗೊಬ್ಬಗ ಗೊತ್ತಿರಲಿಲ್ಲ" ಅಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎದುರಾಡುತ್ತಿದ್ದೆ.